ಕರ್ನಲ್ ಕಟ್ಟುವ ಮೊದಲು ತಾರೀಖು ನೋಡಿ

ಲಿನಕ್ಸ್ ಕರ್ನಲ್‌ನ ಸೋರ್ಸ್ ಕೋಡ್ ಇಳಿಸಿಕೊಂಡು ಸ್ವಂತ ಕಂಪ್ಯೂಟರಿನಲ್ಲಿ ಕಂಪೈಲ್ ಮಾಡಹೊರಟವರು ಮೊದಲ ಸಲ ಎಡವುವುದು ಕೋಡ್ ಓದುವಾಗ ಅಲ್ಲ, ಎರರ್ ಓದುವಾಗ. ಟರ್ಮಿನಲ್‌ನಲ್ಲಿ ಸಾಲುಗಳು ಓಡುತ್ತಿರುತ್ತವೆ, ಎಲ್ಲೋ ನಿಲ್ಲುತ್ತವೆ, ಕಟ್ಟಕಡೆಗೆ ‘ಎರರ್ 2’ ಎಂದು ಉಳಿಯುತ್ತದೆ. ಕಣ್ಣು ಅಲ್ಲಿಗೇ ಅಂಟಿಕೊಳ್ಳುತ್ತದೆ, ಆ ಸಾಲನ್ನೇ ನಕಲು ಮಾಡಿ ಇಂಟರ್‌ನೆಟ್‌ನಲ್ಲಿ ಹುಡುಕುವುದು ಶುರುವಾಗುತ್ತದೆ. ಆದರೆ ಆ ಸಾಲಿನಲ್ಲಿ ಹುಡುಕುವಂಥದ್ದು ಏನೂ ಇಲ್ಲ. ತಾನು ಓಡಿಸಿದ ಕೆಲಸವೊಂದು ಕೆಟ್ಟಿತು ಎಂದು ‘ಮೇಕ್’ ಪ್ರೋಗ್ರಾಂ ತನ್ನ ಮೇಲಿನ ‘ಮೇಕ್’ಗೆ ಒಪ್ಪಿಸುವ ಅಂಕಿ ಅದು, ಅಷ್ಟೇ. ನಿಜವಾದ ಕಾರಣ ಅದಕ್ಕಿಂತ ಎಷ್ಟೋ ಸಾಲು ಮೇಲೆ ಇರುತ್ತದೆ. ಎಂಟು ಕೋರ್‌ಗಳ ಪ್ರೊಸೆಸರಿಗೆ ಎಂಟು ಕೆಲಸ ಒಟ್ಟಿಗೆ ಕೊಟ್ಟಿದ್ದರಂತೂ ಒಂದು ಫೈಲು ಕೆಟ್ಟ ಮೇಲೂ ಉಳಿದ ಏಳು ತಮ್ಮ ಪಾಡಿಗೆ ಮುಗಿಯುವವರೆಗೆ ಸಾಲುಗಳನ್ನು ಸುರಿಯುತ್ತಲೇ ಇರುತ್ತವೆ, ಮೊದಲ ಎರರ್ ಅದರಡಿ ಹೂತುಹೋಗುತ್ತದೆ. ಆದ್ದರಿಂದ ಅನುಭವಸ್ಥರು ಎರಡನೇ ಸಲ ಒಂದೇ ಕೆಲಸದ ಲೆಕ್ಕದಲ್ಲಿ ಓಡಿಸುತ್ತಾರೆ, ಕಂಪೈಲರ್‌ಗೆ ಹೋಗುವ ಪೂರ್ತಿ ಆಜ್ಞೆಯೂ ಕಾಣುವಂತೆ ‘ವಿ ಈಕ್ವಲ್ಸ್ 1’ ಎಂದು ಸೇರಿಸುತ್ತಾರೆ, ಮೊಟ್ಟಮೊದಲು ಬಂದ ಎರರ್ ಒಂದನ್ನೇ ಎತ್ತಿಕೊಳ್ಳುತ್ತಾರೆ. ಇದು ರೂಢಿಯ ಮಾತು, ಎಲ್ಲರೂ ಹೇಳಿಕೊಡುತ್ತಾರೆ. ಅದರ ನಂತರ ಏನು ಎನ್ನುವುದನ್ನು ಹೇಳಿಕೊಡುವವರು ಕಡಿಮೆ.

ನನ್ನ ವಾದ ಇದು: ಕರ್ನಲ್ ಕಂಪೈಲ್ ಆಗದೆ ನಿಂತಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಏನು ಟೈಪ್ ಮಾಡಿದರೆ ಸರಿಹೋಗುತ್ತದೆ’ ಎಂಬುದಲ್ಲ, ‘ಈ ಕೋಡ್ ಯಾವ ವರ್ಷದ್ದು, ನನ್ನ ಕಂಪೈಲರ್ ಯಾವ ವರ್ಷದ್ದು’ ಎಂಬುದು. ಕರ್ನಲ್‌ನ ದಸ್ತಾವೇಜುಗಳಲ್ಲಿ ಕಟ್ಟಲು ಬೇಕಾದ ಉಪಕರಣಗಳ ಪಟ್ಟಿಯೊಂದಿದೆ. ಜಿಸಿಸಿ ಕಂಪೈಲರ್ ಕನಿಷ್ಠ ಇಂಥ ಆವೃತ್ತಿ ಇರಬೇಕು, ಬೈಸನ್ ಇಂಥದ್ದು, ಫ್ಲೆಕ್ಸ್ ಇಂಥದ್ದು ಎಂದು ಅದು ಹೇಳುತ್ತದೆ. 2021ರ 5.15ನೇ ಆವೃತ್ತಿಯಲ್ಲಿ ಜಿಸಿಸಿಯ ಕನಿಷ್ಠ ಮಿತಿ 5.1 ಆಯಿತು, 2025ರ 6.16ರಲ್ಲಿ 8.1ಕ್ಕೆ ಏರಿತು. ಗಮನಿಸಬೇಕಾದದ್ದು, ಆ ಪಟ್ಟಿಯಲ್ಲಿ ಕೆಳಮಿತಿ ಇದೆ, ಮೇಲ್ಮಿತಿ ಇಲ್ಲ. ಇರಲು ಸಾಧ್ಯವೂ ಇಲ್ಲ, ಏಕೆಂದರೆ ಪಟ್ಟಿ ಬರೆದ ದಿನ ಮುಂದಿನ ಕಂಪೈಲರ್ ಇನ್ನೂ ಹುಟ್ಟಿರಲಿಲ್ಲ. ಕರ್ನಲ್ ತನ್ನ ಮೇಲೆ ಓಡುವ ಪ್ರೋಗ್ರಾಂಗಳಿಗೆ ಬಲವಾದ ಭರವಸೆ ಕೊಟ್ಟಿದೆ: ನಿನ್ನೆ ಓಡಿದ್ದು ನಾಳೆಯ ಕರ್ನಲ್ ಮೇಲೂ ಓಡಬೇಕು, ಅದನ್ನು ಕೆಡಿಸುವ ಬದಲಾವಣೆಯನ್ನು ಲೈನಸ್ ಟೊರ್ವಾಲ್ಡ್ಸ್ ಒಪ್ಪುವುದಿಲ್ಲ. ಆದರೆ ಇಂದಿನ ಕರ್ನಲ್‌ನ ಕೋಡ್ ಹತ್ತು ವರ್ಷದ ನಂತರದ ಕಂಪೈಲರ್‌ನಲ್ಲಿ ಕಟ್ಟಿಕೊಳ್ಳುತ್ತದೆ ಎಂಬ ಭರವಸೆಯನ್ನು ಯಾರೂ ಯಾರಿಗೂ ಕೊಟ್ಟಿಲ್ಲ. ಕಟ್ಟುವವರ ಕಷ್ಟದ ದೊಡ್ಡ ಪಾಲು ಹುಟ್ಟುವುದು ಈ ಕೊಡದ ಭರವಸೆಯಿಂದ.

2012ರ ಮೇ ತಿಂಗಳಲ್ಲಿ ಬಂದ 3.4ನೇ ಆವೃತ್ತಿಯನ್ನು ತೆಗೆದುಕೊಳ್ಳಿ. ನೆಕ್ಸಸ್ 4, ನೆಕ್ಸಸ್ 5 ಸೇರಿದಂತೆ ಆ ಕಾಲದ ಎಷ್ಟೋ ಆಂಡ್ರಾಯ್ಡ್ ಫೋನುಗಳು ಓಡಿದ್ದು ಅದರ ಮೇಲೆ. ಹಳೆಯ ಫೋನಿಗೆ ಜೀವ ಕೊಡಬಯಸುವವರು ಈಗಲೂ ಅದನ್ನು ಕಟ್ಟಲು ನೋಡುತ್ತಾರೆ. ಇಂದಿನ ಉಬುಂಟುವಿನಲ್ಲೋ ಫೆಡೋರಾದಲ್ಲೋ ಕೂತು ಅದಕ್ಕೆ ಕೈ ಹಾಕಿದರೆ ಒಂದು ಹೆಡರ್ ಫೈಲ್ ಸಿಗಲಿಲ್ಲ ಎಂಬ ದೂರು ಬರುತ್ತದೆ. ಆ ಕಾಲದ ಕರ್ನಲ್, ಕಂಪೈಲರ್‌ನ ಮುಖ್ಯ ಆವೃತ್ತಿಯ ಅಂಕಿಯನ್ನು ‘ಕಂಪೈಲರ್-ಜಿಸಿಸಿ’ ಎಂಬ ಹೆಸರಿಗೆ ಅಂಟಿಸಿ ಆ ಹೆಸರಿನ ಹೆಡರ್ ಫೈಲನ್ನು ಹುಡುಕುತ್ತಿತ್ತು. 3 ಮತ್ತು 4ರ ಫೈಲುಗಳು ಅದರಲ್ಲಿದ್ದವು. 2015ರ ಏಪ್ರಿಲ್‌ನಲ್ಲಿ ಜಿಸಿಸಿ 5 ಬಂತು. 5ರ ಹೆಸರಿನ ಫೈಲು 3.4ರಲ್ಲಿ ಇಲ್ಲ, 6, 7, 8ರದ್ದೂ ಇಲ್ಲ. ಕೋಡ್‌ನಲ್ಲಿ ಒಂದಕ್ಷರವೂ ತಪ್ಪಿಲ್ಲದೆ ಕೆಲಸ ನಿಲ್ಲುತ್ತದೆ. ಅದನ್ನು ದಾಟಿದವರಿಗೆ ಪರ್ಲ್ ಭಾಷೆಯ ಚಿಕ್ಕ ಸ್ಕ್ರಿಪ್ಟ್ ಒಂದು ಕಾಯುತ್ತಿರುತ್ತದೆ. ಗಡಿಯಾರದ ಲೆಕ್ಕಕ್ಕೆ ಬೇಕಾದ ಕೆಲವು ಸ್ಥಿರಾಂಕಗಳನ್ನು ತಯಾರಿಸುವ ‘ಟೈಮ್‌ಕಾನ್ಸ್ಟ್’ ಸ್ಕ್ರಿಪ್ಟ್ ಅದು. ಅದರ 373ನೇ ಸಾಲಿನಲ್ಲಿ ಒಂದು ಅರೇ ಇದೆಯೇ ಎಂದು ಹಳೆಯ ಶೈಲಿಯಲ್ಲಿ ಕೇಳಲಾಗಿದೆ. ಪರ್ಲ್ ಬಹಳ ವರ್ಷ ಆ ಶೈಲಿಗೆ ಎಚ್ಚರಿಕೆ ಕೊಡುತ್ತಾ ಬಂತು, 2015ರ 5.22ರಲ್ಲಿ ಅದನ್ನು ಎರರ್ ಎಂದೇ ಘೋಷಿಸಿತು. ಅಷ್ಟರೊಳಗೆ ಕರ್ನಲ್ ತಂಡ ಆ ಸ್ಕ್ರಿಪ್ಟನ್ನೇ ಕೈಬಿಟ್ಟಾಗಿತ್ತು: 2013ರ 3.9ರಲ್ಲಿ ಅದೇ ಕೆಲಸವನ್ನು ‘ಬಿಸಿ’ ಎಂಬ ಲೆಕ್ಕದ ಪ್ರೋಗ್ರಾಂಗೆ ವಹಿಸಲಾಯಿತು. ಹಳೆಯ ಕರ್ನಲ್‌ನಲ್ಲಿ ಪರ್ಲ್ ಹೊಸದಾಗಿದ್ದರೆ ತೊಂದರೆ, ಹೊಸ ಕರ್ನಲ್‌ನಲ್ಲಿ ‘ಬಿಸಿ’ ಇಲ್ಲದಿದ್ದರೆ ತೊಂದರೆ. ಕಾರಣ ಒಂದೇ ಫೈಲಿನ ಎರಡು ಜನ್ಮ. ಮೂರನೆಯದು, ಆರ್ಮ್ ಫೋನುಗಳಿಗೆ ಬೇಕಾದ ಡಿವೈಸ್ ಟ್ರೀ ಕಂಪೈಲರ್‌ನಲ್ಲಿ ಬರುವ ದೂರು. ‘ವೈವೈಲಾಕ್’ ಎಂಬ ಒಂದು ವೇರಿಯಬಲ್ ಎರಡು ಕಡೆ ಹುಟ್ಟಿದೆ ಎಂದು ಲಿಂಕರ್ ತಕರಾರು ತೆಗೆಯುತ್ತದೆ. ಮೊದಲಿನಿಂದಲೂ ಅದು ಎರಡು ಕಡೆ ಇತ್ತು. ಹಳೆಯ ಜಿಸಿಸಿ ಅವೆರಡನ್ನೂ ಸದ್ದಿಲ್ಲದೆ ಒಂದುಗೂಡಿಸುತ್ತಿತ್ತು. 2020ರ ಮೇ ತಿಂಗಳ ಜಿಸಿಸಿ 10 ಆ ಔದಾರ್ಯವನ್ನು ನಿಲ್ಲಿಸಿತು. ಒಂದು ಕಡೆ ‘ಎಕ್ಸ್‌ಟರ್ನ್’ ಎಂಬ ಪದ ಸೇರಿಸಿದರೆ, ಇಲ್ಲವೇ ಆ ಸಾಲನ್ನೇ ಅಳಿಸಿದರೆ ಮುಗಿಯಿತು.

ಈ ಮೂರೂ ದೂರುಗಳ ಮಾತು ಬೇರೆ ಬೇರೆ. ಒಂದು ಫೈಲ್ ಇಲ್ಲ ಎನ್ನುತ್ತದೆ, ಒಂದು ವ್ಯಾಕರಣ ತಪ್ಪು ಎನ್ನುತ್ತದೆ, ಒಂದು ಹೆಸರು ಇಮ್ಮಡಿಯಾಗಿದೆ ಎನ್ನುತ್ತದೆ. ಬಿಡಿಬಿಡಿಯಾಗಿ ನೋಡಿದವರಿಗೆ ಕರ್ನಲ್ ಎಂಬುದು ತೇಪೆಗಳ ಮೂಟೆ ಎನಿಸುತ್ತದೆ. ತಾರೀಖು ಹಾಕಿ ನೋಡಿದಾಗ ಮೂರೂ ಒಂದೇ ಮಾತನ್ನು ಹೇಳುತ್ತವೆ: ಕೋಡ್ 2012ರದ್ದು, ಉಪಕರಣಗಳು ಅದರ ನಂತರದವು. ಇದು ಮುದಿ ಕರ್ನಲ್‌ಗಳ ಪಾಡು ಮಾತ್ರ ಎಂದುಕೊಳ್ಳಬೇಡಿ. 2016ರ ಅಕ್ಟೋಬರಿನ ಉಬುಂಟು 16.10ರ ಜೊತೆ ಬಂದ ಜಿಸಿಸಿ, ಸುರಕ್ಷತೆಗೆಂದು ಪ್ರತಿ ಪ್ರೋಗ್ರಾಮನ್ನೂ ಮೆಮೊರಿಯಲ್ಲಿ ಎಲ್ಲಿ ಬೇಕಾದರೂ ಕೂರಬಲ್ಲಂತೆ ಕಟ್ಟತೊಡಗಿತು. ಕರ್ನಲ್‌ಗೆ ಅದು ಒಗ್ಗುವುದಿಲ್ಲ. ಆ ವರ್ಷದವರೆಗಿನ ಕರ್ನಲ್‌ಗಳು ಅಲ್ಲಿ ಕಟ್ಟಿಕೊಳ್ಳಲಿಲ್ಲ, 4.9ರಲ್ಲಿ ಮದ್ದು ಬಂತು. 2025ರ ಏಪ್ರಿಲ್‌ನ ಜಿಸಿಸಿ 15, ಏನೂ ಹೇಳದಿದ್ದರೆ ಸಿ ಭಾಷೆಯ 2023ರ ನಿಯಮಗಳನ್ನು ಹಿಡಿಯುತ್ತದೆ. ಆ ನಿಯಮದಲ್ಲಿ ‘ಟ್ರೂ’, ‘ಫಾಲ್ಸ್’ ಎರಡೂ ಭಾಷೆಯ ಸ್ವಂತ ಪದಗಳು. ಕರ್ನಲ್ ಅವನ್ನು ತಾನೇ ಹೆಸರಿಟ್ಟುಕೊಂಡು ಬಳಸುತ್ತಿತ್ತು. ಮುಖ್ಯ ಭಾಗಕ್ಕೆ ಯಾವ ನಿಯಮ ಬೇಕೆಂದು ಕರ್ನಲ್ ಸ್ಪಷ್ಟವಾಗಿ ಹೇಳಿಕೊಂಡಿದೆ, ಆದ್ದರಿಂದ ಅಲ್ಲಿ ತೊಂದರೆಯಿಲ್ಲ. ಕಂಪ್ಯೂಟರ್ ಏಳುವಾಗ ಓಡುವ ಬೂಟ್ ಭಾಗ ಮಾತ್ರ ತನ್ನದೇ ಬೇರೆ ಆಯ್ಕೆಗಳನ್ನು ಇಟ್ಟುಕೊಂಡಿತ್ತು, ಅಲ್ಲಿ ಆ ಮಾತು ಬಿಟ್ಟುಹೋಗಿತ್ತು. ಎರರ್ ಅಲ್ಲಿಯೇ ಬಂತು. ಪಹೋಲ್ ಎಂಬ ಉಪಕರಣದ ಪ್ರಕರಣ ಇನ್ನೂ ನೋವಿನದು. ಅದರ 2022ರ 1.24ನೇ ಆವೃತ್ತಿ ಹೊಸ ಬಗೆಯ ಮಾಹಿತಿಯನ್ನು ಬರೆಯತೊಡಗಿತು, 6.0ಕ್ಕಿಂತ ಹಿಂದಿನ ಅನೇಕ ಕರ್ನಲ್‌ಗಳಿಗೆ ಅದನ್ನು ಓದಲು ಬರಲಿಲ್ಲ. ಈ ಎರರ್ ಬರುವುದು ಎಲ್ಲ ಫೈಲುಗಳೂ ಕಂಪೈಲ್ ಆಗಿ, ಎಲ್ಲವನ್ನೂ ಸೇರಿಸುವ ಕಡೆಯ ಹಂತದಲ್ಲಿ. ಗಂಟೆಗಟ್ಟಲೆ ಕಾದವರಿಗೆ ಸಿಗುವುದು ‘ಅಮಾನ್ಯ ಆರ್ಗ್ಯುಮೆಂಟ್’ ಎಂಬ ಒಂದು ಸಾಲು.

ಇದಕ್ಕೆ ಬರಬಹುದಾದ ಮೊದಲ ಆಕ್ಷೇಪ ನೇರವಾದದ್ದು. ಇಷ್ಟೆಲ್ಲ ಇತಿಹಾಸ ಯಾಕೆ, ಎರರ್ ಸಾಲನ್ನು ಹುಡುಕಿದರೆ ಪರಿಹಾರದ ಆಜ್ಞೆ ಸಿಗುತ್ತದೆ, ಅಂಟಿಸಿದರೆ ಕೆಲಸ ಮುಂದೆ ಹೋಗುತ್ತದೆ, ಅಷ್ಟು ಸಾಲದೇ? ಅನೇಕ ಸಲ ಸಾಕಾಗುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಒಂದೇ ಆಜ್ಞೆ ಒಬ್ಬರಿಗೆ ಸರಿ, ಇನ್ನೊಬ್ಬರಿಗೆ ಹಾನಿ ಆಗುವ ಸಂದರ್ಭಗಳಿವೆ. ಉಬುಂಟುವಿನಲ್ಲಿ ಓಡುತ್ತಿರುವ ಕರ್ನಲ್‌ನ ಕಾನ್ಫಿಗ್ ಫೈಲನ್ನು ನಕಲು ಮಾಡಿ, ಮೂಲ ತಾಣದಿಂದ ತಂದ ಕೋಡ್‌ಗೆ ಹೊಂದಿಸಿ ಕಟ್ಟುವುದು ಎಲ್ಲರೂ ಹಿಡಿಯುವ ದಾರಿ. ಅಲ್ಲಿ ‘ಕೆನಾನಿಕಲ್-ಸರ್ಟ್ಸ್’ ಎಂಬ ಫೈಲನ್ನು ತಯಾರಿಸುವ ದಾರಿ ಗೊತ್ತಿಲ್ಲ ಎಂದು ಮೇಕ್ ನಿಲ್ಲುತ್ತದೆ. ಆ ಕಾನ್ಫಿಗ್ ಬೇರೆಯವರ ಕಣ್ಣಿಗೆ ಅಳತೆ ಮಾಡಿಸಿದ ಕನ್ನಡಕ. ಉಬುಂಟು ಹೊರತರುವ ಕೆನಾನಿಕಲ್ ಕಂಪನಿ ತನ್ನ ಕರ್ನಲ್ ಯಾವ ಸಹಿಗಳನ್ನು ನಂಬಬೇಕು ಎಂಬ ಪ್ರಮಾಣಪತ್ರವನ್ನು ತನ್ನ ಸೋರ್ಸ್‌ನೊಳಗೆ ಇಟ್ಟುಕೊಂಡಿರುತ್ತದೆ. ಮೂಲ ಕೋಡ್‌ನಲ್ಲಿ ಅದು ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಎಲ್ಲೆಡೆ ಸಿಗುವ ಪರಿಹಾರ, ನಂಬಿಕೆಯ ಕೀಗಳ ಆ ಆಯ್ಕೆಯನ್ನು ಖಾಲಿ ಬಿಡುವುದು. ಮನೆಯ ಲ್ಯಾಪ್‌ಟಾಪಿಗೆ ಅದು ಸರಿಯಾದ ಉತ್ತರ. ಸಹಿ ಇಲ್ಲದ ಮಾಡ್ಯೂಲನ್ನು ಒಳಗೆ ಬಿಡಬಾರದು ಎಂಬ ಕಟ್ಟಳೆಯಿರುವ ಸರ್ವರಿಗೆ ಅದೇ ಉತ್ತರ ತಪ್ಪು, ಅಲ್ಲಿ ಸ್ವಂತ ಪ್ರಮಾಣಪತ್ರ ಮಾಡಿ ಅದರ ದಾರಿಯನ್ನು ಬರೆಯಬೇಕು. ಇಬ್ಬರ ಪರದೆಯ ಮೇಲೂ ಬಂದ ಎರರ್ ಸಾಲು ಒಂದೇ. ಆ ಪ್ರಮಾಣಪತ್ರ ಯಾರದು, ಅಲ್ಲಿ ಯಾಕೆ ಬಂತು ಎಂದು ಕೇಳದವರಿಗೆ ಇಬ್ಬರ ನಡುವಿನ ವ್ಯತ್ಯಾಸ ಕಾಣುವುದೇ ಇಲ್ಲ.

ಕಾಲದ ಹಾಗೆಯೇ ಜಾಗವೂ ಒಂದು ಊಹೆ. ಕರ್ನಲ್‌ನ ನೆಟ್‌ಫಿಲ್ಟರ್ ವಿಭಾಗದಲ್ಲಿ ‘ಎಕ್ಸ್‌ಟಿ ಟಿಸಿಪಿಎಂಎಸ್‌ಎಸ್’ ಎಂಬ ಹೆಸರಿನ ಎರಡು ಫೈಲುಗಳು ಬಹಳ ವರ್ಷಗಳಿಂದ ಅಕ್ಕಪಕ್ಕ ಇವೆ, ಒಂದರಲ್ಲಿ ದೊಡ್ಡಕ್ಷರ, ಇನ್ನೊಂದರಲ್ಲಿ ಚಿಕ್ಕಕ್ಷರ. ಲಿನಕ್ಸ್‌ಗೆ ಅವು ಎರಡು. ಮ್ಯಾಕ್ ಮತ್ತು ವಿಂಡೋಸ್ ಡಿಸ್ಕುಗಳ ರೂಢಿಯ ಪ್ರಕಾರ ಅವು ಒಂದೇ ಹೆಸರು, ಆದ್ದರಿಂದ ಅಲ್ಲಿ ಸೋರ್ಸ್ ಬಿಚ್ಚಿದಾಗ ಒಂದು ಇನ್ನೊಂದರ ಮೇಲೆ ಕೂರುತ್ತದೆ. ವಿಂಡೋಸ್‌ನೊಳಗಿನ ಲಿನಕ್ಸ್‌ನಲ್ಲಿ ಕೆಲಸ ಮಾಡುವವರು ಸೋರ್ಸನ್ನು ಸಿ ಡ್ರೈವಿನಲ್ಲಿ ಇಟ್ಟುಕೊಂಡರೆ ಇದಕ್ಕೆ ಸಿಕ್ಕಿಕೊಳ್ಳುತ್ತಾರೆ. ಫೋಲ್ಡರಿನ ಹೆಸರಿನ ನಡುವೆ ಖಾಲಿ ಜಾಗ ಇದ್ದರೂ ಕೆಲಸ ಸಾಗದು. ಅದನ್ನು ಮಾತ್ರ ಕರ್ನಲ್‌ನ ಮೇಕ್‌ಫೈಲ್ ಆರಂಭದಲ್ಲೇ ಬಿಡಿಸಿ ಹೇಳಿ ನಿಲ್ಲುತ್ತದೆ. ಎಲ್ಲ ಎರರ್‌ಗಳೂ ಇಷ್ಟು ನೇರವಾಗಿ ಮಾತಾಡುವಂತಿದ್ದರೆ ಈ ಲೇಖನಕ್ಕೆ ಕೆಲಸವಿರುತ್ತಿರಲಿಲ್ಲ.

ಎರಡನೇ ಆಕ್ಷೇಪ ಹೆಚ್ಚು ತೂಕದ್ದು: ಎಲ್ಲವನ್ನೂ ತಾರೀಖಿಗೆ ಕಟ್ಟಿಹಾಕಲಾಗದು, ಯಂತ್ರವೇ ಕೈಕೊಡುವುದೂ ಕೋಡೇ ತಪ್ಪಿರುವುದೂ ಉಂಟು. ಉಂಟು ನಿಜ. ಕಂಪೈಲರನ್ನು ಯಾರೋ ಕೊಂದರು ಎಂಬ ಅರ್ಥದ ಸಾಲು ಬಂದರೆ ಮೆಮೊರಿ ಸಾಲದೆ ಆಪರೇಟಿಂಗ್ ಸಿಸ್ಟಮ್ಮೇ ಅದನ್ನು ನಿಲ್ಲಿಸಿದೆ ಎಂದು ತಿಳಿಯಬೇಕು. ಕರ್ನಲ್ ಲಾಗ್‌ನಲ್ಲಿ ಅದರ ದಾಖಲೆ ಇರುತ್ತದೆ, ಒಟ್ಟಿಗೆ ಓಡಿಸುವ ಕೆಲಸಗಳನ್ನು ಕಡಿಮೆ ಮಾಡಿದರೆ ದಾಟಬಹುದು. ಕಂಪೈಲರ್ ತಾನೇ ಕುಸಿದುಬಿದ್ದರೆ ಕಥೆ ಬೇರೆ. 1990ರ ದಶಕದಲ್ಲಿ ರೋಜಿಯರ್ ವುಲ್ಫ್ ಎಂಬವರು ‘ಸಿಗ್ನಲ್ 11’ ಕುರಿತು ಬರೆದ ಪ್ರಶ್ನೋತ್ತರ ಮಾಲೆ ಲಿನಕ್ಸ್ ಬಳಸುವವರಲ್ಲಿ ಹೆಸರಾಗಿತ್ತು. ಅದರ ಪರೀಕ್ಷೆ ಸರಳ: ಮತ್ತೆ ಓಡಿಸಿ ನೋಡಿ, ಅದೇ ಫೈಲಿನ ಅದೇ ಸಾಲಿನಲ್ಲಿ ನಿಂತರೆ ತಪ್ಪು ಸಾಫ್ಟ್‌ವೇರಿನದು, ಪ್ರತಿ ಸಲ ಬೇರೆ ಜಾಗದಲ್ಲಿ ನಿಂತರೆ ಹಾರ್ಡ್‌ವೇರನ್ನು, ಅದರಲ್ಲೂ ರ್‍ಯಾಮನ್ನು ಸಂಶಯಿಸಿ. ಕರ್ನಲ್ ಕಂಪೈಲ್ ಮಾಡುವುದು ಮೆಮೊರಿಯನ್ನೂ ಪ್ರೊಸೆಸರನ್ನೂ ಇಡಿಯಾಗಿ ದುಡಿಸುವ ಕೆಲಸವಾದ್ದರಿಂದ ಬೇರೆಲ್ಲೂ ಕಾಣದ ದೌರ್ಬಲ್ಯ ಅಲ್ಲಿ ಕಾಣುತ್ತದೆ. 2017ರಲ್ಲಿ ರೈಜನ್ ಪ್ರೊಸೆಸರುಗಳ ಮೊದಲ ಪೀಳಿಗೆಯ ಕೆಲವು ಚಿಪ್‌ಗಳು ಲಿನಕ್ಸ್‌ನಲ್ಲಿ ಒಟ್ಟಿಗೆ ಹಲವು ಕಂಪೈಲ್ ಕೆಲಸ ಓಡಿಸಿದಾಗ ಕುಸಿಯುತ್ತಿದ್ದವು; ಆಗಸ್ಟ್‌ನಲ್ಲಿ ಎಎಂಡಿ ಕಂಪನಿ ಅದನ್ನು ಒಪ್ಪಿಕೊಂಡಿತು, ತೊಂದರೆಗೊಳಗಾದವರಿಗೆ ಚಿಪ್ ಬದಲಿಸಿ ಕೊಟ್ಟಿತು. ಕಂಪೈಲ್ ಮಾಡುವವರು ತಮ್ಮ ಎರರನ್ನು ಅಲಕ್ಷಿಸದೆ ಹಿಂಬಾಲಿಸಿದ್ದರಿಂದ ಅದು ಬಯಲಾಯಿತು. ಈ ಪ್ರಕರಣಗಳು ನನ್ನ ವಾದವನ್ನು ಮುರಿಯುವುದಿಲ್ಲ, ಅದಕ್ಕೆ ಅಂಚು ಕೊಡುತ್ತವೆ. ಕಾಲದಿಂದ ಹುಟ್ಟಿದ ಎರರ್ ಹಟಮಾರಿ. ಎಷ್ಟು ಸಲ ಓಡಿಸಿದರೂ ಕದಲದೆ ಅದೇ ಸಾಲಿನಲ್ಲಿ ನಿಲ್ಲುತ್ತದೆ. ಜಾಗ ಬದಲಿಸುವ ಎರರ್‌ಗೆ ತಾರೀಖು ಕೇಳಿ ಪ್ರಯೋಜನವಿಲ್ಲ.

ಕೋಡೇ ತಪ್ಪಿದಾಗಲೂ ಕಾಲವೇ ದಾರಿ ತೋರಿಸುತ್ತದೆ. 2021ರ ಸೆಪ್ಟೆಂಬರಿನಲ್ಲಿ, 5.15 ತಯಾರಾಗುತ್ತಿದ್ದಾಗ, ಟೊರ್ವಾಲ್ಡ್ಸ್ ಎಲ್ಲ ಎಚ್ಚರಿಕೆಗಳನ್ನೂ ಎರರ್ ಎಂದೇ ಎಣಿಸುವ ಆಯ್ಕೆಯನ್ನು ಸಾರ್ವತ್ರಿಕವಾಗಿ ತೆರೆದರು. ಬೇರೆ ಬೇರೆ ಕಂಪೈಲರ್, ಬೇರೆ ಬೇರೆ ಪ್ರೊಸೆಸರುಗಳ ಮೇಲೆ ಕಟ್ಟುವಿಕೆ ಸಾಲುಸಾಲಾಗಿ ಮುರಿಯಿತು, ಕೆಲವೇ ದಿನಗಳಲ್ಲಿ ಅದನ್ನು ಪರೀಕ್ಷೆಗೆಂದು ಕಟ್ಟುವವರಿಗೆ ಮಾತ್ರ ಸೀಮಿತಗೊಳಿಸಲಾಯಿತು. ಇಂಥ ಮುರಿತ ಯಾವ ಬದಲಾವಣೆಯಿಂದ ಬಂತೆಂದು ಹಿಡಿಯಲು 2005ರಲ್ಲಿ ಹುಟ್ಟಿದ ಗಿಟ್‌ನಲ್ಲಿ ‘ಬೈಸೆಕ್ಟ್’ ಎಂಬ ಸೌಲಭ್ಯವಿದೆ. ಕಟ್ಟಿಕೊಂಡ ಹಳೆಯ ಆವೃತ್ತಿ ಒಂದು ತುದಿ, ಕಟ್ಟಿಕೊಳ್ಳದ ಹೊಸದು ಇನ್ನೊಂದು ತುದಿ. ಅದು ನಡುವಿನದನ್ನು ತೆಗೆದುಕೊಡುತ್ತದೆ, ಕಟ್ಟಿ ನೋಡಿ ಆಯಿತು ಅಥವಾ ಇಲ್ಲ ಎನ್ನಬೇಕು, ಪ್ರತಿ ಸಲ ಅರ್ಧ ಕಳಚುತ್ತದೆ. ಒಂದು ಬಿಡುಗಡೆಯಿಂದ ಮುಂದಿನದರ ನಡುವೆ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳಿರುತ್ತವೆ. ಹದಿನಾಲ್ಕು ಸಲ ಅರ್ಧ ಮಾಡಿದರೆ 16,384ರವರೆಗಿನ ರಾಶಿಯಲ್ಲೂ ತಪ್ಪಿತಸ್ಥ ಬದಲಾವಣೆ ಸಿಗುತ್ತದೆ. 2025ರ ಆರಂಭಕ್ಕೆ ಸುಮಾರು 4 ಕೋಟಿ ಸಾಲು ಮುಟ್ಟಿದ ಕೋಡ್‌ನಲ್ಲಿ ಒಂದು ಸಾಲನ್ನೂ ಅರ್ಥಮಾಡಿಕೊಳ್ಳದವರೂ ಇದನ್ನು ಮಾಡಬಲ್ಲರು ಎಂಬುದು ನನಗೆ ಈಗಲೂ ಬೆರಗಿನ ಸಂಗತಿ.

ಕಟ್ಟಿಕೊಂಡ ಮೇಲೆ ಏಳದ ಕರ್ನಲ್‌ನ ಬಗ್ಗೆ ಒಂದು ಮಾತು ಬೇಕು. ರೂಟ್ ಫೈಲ್ ಸಿಸ್ಟಂ ಸಿಗಲಿಲ್ಲ, ‘ಅಪರಿಚಿತ ಬ್ಲಾಕ್ 0, 0’ ಎಂದು ಹೇಳಿ ಪರದೆ ನಿಂತುಬಿಟ್ಟರೆ ಡಿಸ್ಕ್ ಕೆಟ್ಟಿದೆ ಎಂದು ಗಾಬರಿಯಾಗುವುದು ಸಹಜ. ಎರಡೂ ಸೊನ್ನೆ ಎಂದರೆ ಕರ್ನಲ್‌ಗೆ ಡಿಸ್ಕಿನ ಗುರುತೇ ಸಿಕ್ಕಿಲ್ಲ: ಎನ್‌ವಿಎಂಇ ಅಥವಾ ಸಾಟಾ ಡ್ರೈವರ್ ಕಾನ್ಫಿಗ್‌ನಲ್ಲಿ ಬಿಟ್ಟುಹೋಗಿದೆ, ಇಲ್ಲವೇ ಮಾಡ್ಯೂಲ್ ಆಗಿ ಕಟ್ಟಲ್ಪಟ್ಟು ಅದನ್ನು ಹೊತ್ತು ತರಬೇಕಾದ ಇನಿಟ್‌ರ್‍ಯಾಮ್‌ಎಫ್‌ಎಸ್ ತಯಾರಾಗಿಲ್ಲ. ಸ್ಟೀವನ್ ರೋಸ್ಟೆಡ್ 2.6.32ರಲ್ಲಿ ಸೇರಿಸಿದ ‘ಲೋಕಲ್‌ಮಾಡ್‌ಕಾನ್ಫಿಗ್’ ಈಗ ಬಳಕೆಯಲ್ಲಿರುವ ಮಾಡ್ಯೂಲುಗಳನ್ನಷ್ಟೇ ಉಳಿಸಿ ಕಟ್ಟುವ ಸಮಯವನ್ನು ಬಹಳ ಇಳಿಸುತ್ತದೆ. ಆದರೆ ಆ ಗಳಿಗೆಯಲ್ಲಿ ಚುಚ್ಚಿರದ ಪೆನ್‌ಡ್ರೈವ್, ಜೋಡಿಸಿರದ ಪ್ರಿಂಟರ್ ಅದರ ಲೆಕ್ಕದಲ್ಲಿ ಇರುವುದಿಲ್ಲ.

ಮೂರನೇ ಆಕ್ಷೇಪ ತಜ್ಞರದ್ದು. ಕೋಡಿನ ಕಾಲದ ಕಂಪೈಲರನ್ನೇ ಕಂಟೇನರಿನಲ್ಲಿ ಇಟ್ಟುಕೊಂಡು ಕಟ್ಟಿದರೆ ಯಾವ ಎರರೂ ಬಾರದು, ಮತ್ತೇಕೆ ಈ ಕಾಲಗಣನೆ ಎಂದು ಅವರು ಕೇಳುತ್ತಾರೆ. ಅದು ಒಳ್ಳೆಯ ವಿಧಾನ, ನಾನೂ ಅದನ್ನೇ ಸೂಚಿಸುತ್ತೇನೆ. ಆದರೆ ಯಾವ ವರ್ಷದ ಕಂಟೇನರ್ ಎಂದು ಆರಿಸಬೇಕಾದರೆ ಕೋಡಿನ ವರ್ಷ ಗೊತ್ತಿರಲೇಬೇಕು. ಬೇಕಿರುವ ಸುಳಿವನ್ನು ಕರ್ನಲ್ ತಾನೇ ಹೊತ್ತಿರುತ್ತದೆ. ಓಡುತ್ತಿರುವ ಯಂತ್ರದ ‘ಪ್ರಾಕ್’ ಫೋಲ್ಡರಿನ ‘ವರ್ಷನ್’ ಫೈಲಿನಲ್ಲಿ ಅದನ್ನು ಕಟ್ಟಿದ ಕಂಪೈಲರಿನ ಹೆಸರು, ಆವೃತ್ತಿ, ಕಟ್ಟಿದ ದಿನ ಬರೆದಿರುತ್ತದೆ. ಕಟ್ಟುವಾಗ ಆ ಆಯ್ಕೆಯನ್ನು ತೆರೆದಿದ್ದರೆ ಪೂರ್ತಿ ಕಾನ್ಫಿಗ್ ಕೂಡ ಅಲ್ಲೇ ಒತ್ತಿಟ್ಟ ಫೈಲಾಗಿ ಸಿಗುತ್ತದೆ. ದೀರ್ಘಾವಧಿ ಬೆಂಬಲದ ಆವೃತ್ತಿಗಳಿಗೆ ಹೊಸ ಕಂಪೈಲರಿನ ತಿದ್ದುಪಡಿಗಳನ್ನು ಹಿಂದಕ್ಕೆ ಒಯ್ದು ಸೇರಿಸುವ ಕೆಲಸವನ್ನು ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಮತ್ತಿತರ ಸ್ಟೇಬಲ್ ನಿರ್ವಾಹಕರು ಮಾಡುತ್ತಾ ಬಂದಿದ್ದಾರೆ. ಆದ್ದರಿಂದ ಅದೇ ಸರಣಿಯ ಕಡೆಯ ಬಿಡುಗಡೆಯನ್ನು ಇಳಿಸಿಕೊಂಡರೆ ಅರ್ಧ ತೊಂದರೆ ಮೊದಲೇ ಪರಿಹಾರವಾಗಿರುತ್ತದೆ.

ಆ ಅನುಕೂಲ ಇಲ್ಲದವರು ಫೋನು, ರೌಟರ್, ಟಿವಿ ಇಟ್ಟುಕೊಂಡವರು. ಅವರ ಯಂತ್ರಕ್ಕೆ ಬೇಕಾದದ್ದು ತಯಾರಕರು ತಿದ್ದಿದ ಕರ್ನಲ್, ಅದಕ್ಕೆ ಸ್ಟೇಬಲ್ ತಿದ್ದುಪಡಿಗಳು ತಾವಾಗಿ ಬಂದು ಸೇರುವುದಿಲ್ಲ. ಸಿದ್ಧ ಕರ್ನಲ್ ಸಿಗುವಾಗ ಕಟ್ಟುವ ಉಸಾಬರಿ ಯಾರಿಗೆ ಎಂಬ ಮಾತಿಗೂ ಉತ್ತರ ಇಲ್ಲಿದೆ: ತಯಾರಕರು ಕೈಬಿಟ್ಟ ಯಂತ್ರಕ್ಕೆ ಸಿದ್ಧ ಕರ್ನಲ್ ಎಲ್ಲಿಂದಲೂ ಬರುವುದಿಲ್ಲ, ಸುರಕ್ಷತೆಯ ಒಂದು ತಿದ್ದುಪಡಿ ಬೇಕೆಂದರೂ ಕಟ್ಟಲೇಬೇಕು. ಕರ್ನಲ್ ಬಿಡುಗಡೆಯಾಗಿರುವ ಜಿಪಿಎಲ್ ಎರಡನೇ ಆವೃತ್ತಿಯ ಪರವಾನಗಿ, ಸೋರ್ಸ್ ಎಂದರೆ ಕೋಡ್ ಮಾತ್ರವಲ್ಲ, ಕಂಪೈಲ್ ಮಾಡಲು ಮತ್ತು ಸ್ಥಾಪಿಸಲು ಬಳಸಿದ ಸ್ಕ್ರಿಪ್ಟುಗಳೂ ಸೇರಿವೆ ಎಂದು ವಿಧಿಸುತ್ತದೆ. ಕಂಪೈಲರನ್ನೇ ಕೊಡಬೇಕೆಂದು ಅದು ಹೇಳುವುದಿಲ್ಲ, ಯಾವ ಕಂಪೈಲರಿನಲ್ಲಿ ಕಟ್ಟಿದೆವು ಎಂದು ಬರೆದಿಡಲೂ ಹೇಳುವುದಿಲ್ಲ. ಹೀಗಾಗಿ ಕೋಡಿನ ಒಂದು ಗಂಟನ್ನು ತಾಣದಲ್ಲಿ ಏರಿಸಿ, ಕಾನ್ಫಿಗ್ ಯಾವುದು, ಕಂಪೈಲರ್ ಯಾವುದು ಎಂಬುದನ್ನು ಊಹೆಗೆ ಬಿಟ್ಟರೂ ಸೋರ್ಸ್ ಕೊಟ್ಟೆವು ಎಂದು ಹೇಳಿಕೊಳ್ಳಲು ಅವಕಾಶ ಉಳಿದಿದೆ. ಬೆಂಗಳೂರಿನಲ್ಲಿ ಚಿಪ್ ಮತ್ತು ಫೋನ್ ಕಂಪನಿಗಳ ಕಚೇರಿಗಳಲ್ಲಿ ಕರ್ನಲ್ ಕಟ್ಟುವುದೇ ದಿನದ ದುಡಿಮೆಯಾಗಿರುವ ಎಂಜಿನಿಯರುಗಳಿದ್ದಾರೆ, ಬಿಡುಗಡೆಯ ಗಂಟು ಸಿದ್ಧವಾಗುವುದು ಅಂಥವರ ಕೈಯಲ್ಲಿ. ಬಳಸಿದ ಕಾನ್ಫಿಗ್ ಫೈಲಿನ ಹೆಸರು, ಕಂಪೈಲರಿನ ಹೆಸರು ಮತ್ತು ಆವೃತ್ತಿ, ಕಟ್ಟಲು ಕೊಟ್ಟ ಆಜ್ಞೆ, ಇಷ್ಟನ್ನು ಬರೆದ ಒಂದು ಪುಟವನ್ನು ಆ ಗಂಟಿನಲ್ಲಿ ಇಡಲು ಹತ್ತು ನಿಮಿಷ ಸಾಕು. ಅದು ಇಲ್ಲದ ಬಿಡುಗಡೆಯನ್ನು ಪೂರ್ತಿ ಬಿಡುಗಡೆ ಎಂದು ಯಾವ ಬಳಕೆದಾರರೂ ಒಪ್ಪಬಾರದು, ಅದನ್ನು ಕೇಳಿ ತಯಾರಕರಿಗೆ ಪತ್ರ ಬರೆಯುವ ಹಕ್ಕು ಆ ಯಂತ್ರವನ್ನು ದುಡ್ಡು ಕೊಟ್ಟು ಕೊಂಡ ಪ್ರತಿಯೊಬ್ಬರಿಗೂ ಇದೆ.